ಊರು ಕಾಣದೆ ಊರಿನ ಚಿತ್ರ ಕೆತ್ತಿದವರು

ಮಲ್ಪೆ ಕಡೆ ಒಂದು ಹೋಮ್‌ಸ್ಟೇಯ ಗೋಡೆ ಮೇಲೆ ಹಳೇ ಕಲ್ಲಿಕೋಟೆಯ ಪ್ರಿಂಟ್ ಒಂದಿತ್ತು, ಬಂದವರೆಲ್ಲ ಅದರ ಎದುರು ನಿಂತು ಸೆಲ್ಫಿ ತೆಗೀತಿದ್ರು. ಚಂದ ಉಂಟು, ಇಲ್ಲ ಅಂತಲ್ಲ, ಆದ್ರೆ ಬರೀ ಚಂದಕ್ಕೆ ಮಾಡಿದ್ದಲ್ಲ ಮಾರ್ರೆ ಅದು.

ಮೂಲ ಚಿತ್ರ 1572ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅಚ್ಚಾದದ್ದು. ಗಿಯೋರ್ಗ್ ಬ್ರೌನ್ ಅಂತ ಒಬ್ಬ ಪಾದ್ರಿ, ತಾಮ್ರದ ತಗಡಿನ ಮೇಲೆ ಕೆತ್ತುವ ಫ್ರಾನ್ಸ್ ಹೋಗೆನ್‌ಬರ್ಗ್, ಇವರಿಬ್ಬರು ಶುರು ಮಾಡಿದ ಊರುಗಳ ಆಲ್ಬಮ್, 1617ರ ಹೊತ್ತಿಗೆ ಆರು ಸಂಪುಟ ಆಯ್ತು. ಇಬ್ಬರೂ ನಮ್ಮ ಕಡಲು ಕಂಡವರೇ ಅಲ್ಲ! ಮೇಲೆ ಕಲ್ಲಿಕೋಟೆ, ಕಡಲ ಬದಿ ಹಡಗು ಕಟ್ಟುವವರು, ಒಂದು ಆನೆ. ಅದೇ ಹಾಳೆಯ ಕೆಳಗೆ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್, ಕಣ್ಣೂರು, ಮತ್ತೆ ಆಫ್ರಿಕಾದ ಎಲ್ಮಿನಾ. ಕಣ್ಣೂರು ಎಲ್ಲಿ, ಎಲ್ಮಿನಾ ಎಲ್ಲಿ? ಕೆಳಗಿನ ಮೂರೂ ಕಡೆ ಇದ್ದದ್ದು ಪೋರ್ಚುಗೀಸರ ಕೋಟೆ, ಅಷ್ಟೇ ಸಂಬಂಧ. ಕಲೋನ್‌ನಲ್ಲಿ ಕೂತು ನೋಡಿದವನಿಗೆ ಇಡೀ ಕಡಲೇ ಒಬ್ಬರ ಕೈಯಲ್ಲಿ ಉಂಟು ಅನಿಸ್ಬೇಕು. ಕಲ್ಲಿಕೋಟೆಯಲ್ಲಿ 1513ರಲ್ಲಿ ಕಟ್ಟಿದ ಕೋಟೆಯನ್ನು 1525ರಲ್ಲಿ ಪೋರ್ಚುಗೀಸರೇ ಬಿಟ್ಟು ಓಡಿದ್ದು, ಪುಸ್ತಕ ಬರುವ ಹಿಂದಿನ ವರ್ಷವಷ್ಟೇ ಕಲ್ಲಿಕೋಟೆಯ ರಾಜ ಸಾಮೂದಿರಿ ಪಕ್ಕದ ಚಾಲಿಯಂ ಕೋಟೆ ಕಿತ್ಕೊಂಡದ್ದು, ಇದೊಂದೂ ಚಿತ್ರದಲ್ಲಿ ಕಾಣುದಿಲ್ಲ, ಅಪಾರ್ಟ್‌ಮೆಂಟ್ ಬ್ರೋಷರ್‌ನಲ್ಲಿ ಪಕ್ಕದ ಚರಂಡಿ ಕಾಣದ ಹಾಗೆ.

ಗಮ್ಮತ್ತಿನ ವಿಷಯ ಅಂದ್ರೆ ಬ್ರೌನ್ ಮುನ್ನುಡಿಯಲ್ಲಿ ಹೇಳ್ತಾನೆ, ಚಿತ್ರದ ಎದುರಲ್ಲೇ ಮನುಷ್ಯರನ್ನು ನಿಲ್ಲಿಸಿದ್ದೇವೆ, ಹಾಗಾಗಿ ತುರ್ಕರು ಇದನ್ನು ಯುದ್ಧಕ್ಕೆ ಬಳಸುವ ಹಾಗಿಲ್ಲ, ಅವರ ಧರ್ಮದಲ್ಲಿ ಮನುಷ್ಯರ ಚಿತ್ರ ನಿಷಿದ್ಧ ಅಂತ. ಎಂತ ಲಾಜಿಕ್! ಆ ತುರ್ಕರ ಒಟೊಮನ್ ಸುಲ್ತಾನರ ಅರಮನೆಯಲ್ಲೇ ಮನುಷ್ಯರ ಚಿತ್ರ ಬಿಡಿಸುವ ಕಲಾವಿದರು ಇದ್ರು. ಆದ್ರೆ ಆ ಮಾತಿಂದ ಒಂದು ಗೊತ್ತಾಗ್ತದೆ, ಊರಿನ ಚಿತ್ರ ಶತ್ರುವಿನ ಕೈಗೆ ಸಿಕ್ರೆ ಅಪಾಯ ಅಂತ ಅವನಿಗೂ ಅನಿಸಿತ್ತು.

ಪೋರ್ಚುಗೀಸರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಕೋಟೆಗಳ ವಿವರ ಇಂಥ ಮಾರುವ ಆಲ್ಬಮ್‌ನಲ್ಲಿ ಇರ್ಲಿಲ್ಲ. 1635ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ದಾಖಲೆ ನೋಡಿಕೊಳ್ಳುವ ಅಂತೋನಿಯೊ ಬೊಕಾರೊ ತಮ್ಮ ರಾಜನಿಗೋಸ್ಕರ ತಯಾರು ಮಾಡಿದ್ದು ಕೈಬರಹದ ಪುಸ್ತಕ, ಪ್ರತಿ ಕೋಟೆಯ ಲೆಕ್ಕಾಚಾರ ಸಮೇತ, ಅದರಲ್ಲಿ ನಮ್ಮ ಮಂಗಳೂರು, ಬಸ್ರೂರು, ಗಂಗೊಳ್ಳಿ, ಹೊನ್ನಾವರ ನಾಲ್ಕೂ ಉಂಟು. ಬಸ್ರೂರಿನ ಮೇಲೆ ಅವರಿಗೆ ಅಷ್ಟು ಕಣ್ಣು ಯಾಕಂದ್ರೆ ಗೋವೆಯ ಹೊಟ್ಟೆಗೆ ಇಲ್ಲಿಯ ಅಕ್ಕಿ ಬೇಕಿತ್ತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಕೆಳದಿಯ ಶಿವಪ್ಪ ನಾಯಕ ನಾಲ್ಕನ್ನೂ ಕಿತ್ಕೊಂಡ, ಅವನಿಗೆ ಯಾವ ಆಲ್ಬಮ್ಮೂ ಬೇಕಾಗ್ಲಿಲ್ಲ.