ಶ್ರೀರಂಗಪಟ್ಟಣದಲ್ಲಿ ಸೋತ ಸೈನಿಕರ ಹೆಸರು ಎಲ್ಲಿ?

ಮೈಸೂರಿಗೆ ಬಂದ ಬಹಳ ಜನ ಶ್ರೀರಂಗಪಟ್ಟಣವನ್ನು ಅರ್ಧ ದಿನದಲ್ಲಿ ನೋಡಿ ಮುಗಿಸ್ತಾರೆ. ರಂಗನಾಥನ ದರ್ಶನ, ಗುಂಬಜ್, ಸಂಗಮ, ಅಷ್ಟೇ. ಈ ಸಲ ನಾವು ಯುದ್ಧದ ನೆನಪು ಉಳಿದಿರುವ ಜಾಗಗಳನ್ನು ಮಾತ್ರ ನಿಧಾನವಾಗಿ ನೋಡಿದೆವು.

ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆಯೇ ತುಂಬಾ ಹೊತ್ತು ನಿಂತೆವು. 1780ರ ಪೊಳ್ಳಿಲೂರು ಯುದ್ಧ ಅಲ್ಲಿ ಗೋಡೆ ತುಂಬಾ ಹರಡಿದೆ. ಹೈದರ್ ಮತ್ತು ಟಿಪ್ಪು ಗೆದ್ದ ಯುದ್ಧ ಅದು. ಇಂಗ್ಲಿಷರ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಅವನ ಸೈನ್ಯ ನುಚ್ಚುನೂರಾಗುತ್ತಿದೆ. ಉರುಳಿದ ತಲೆಗಳನ್ನೂ ಚಿತ್ರಕಾರ ಬಿಟ್ಟಿಲ್ಲ. ಗೆದ್ದ ಸಂಭ್ರಮದ ಚಿತ್ರವೇ, ಆದರೆ ಸಾವನ್ನು ಮುಚ್ಚಿಟ್ಟಿಲ್ಲ. ನನಗೆ ಅದೇ ದೊಡ್ಡದು ಅನಿಸಿತು.

ಸೆರೆ ಸಿಕ್ಕ ಬೈಲಿ 1782ರಲ್ಲಿ ಇದೇ ಊರಲ್ಲಿ ಸತ್ತ. ಕೋಟೆಯೊಳಗಿನ ಸೆರೆಮನೆಗೆ ಈಗಲೂ ಅವನದೇ ಹೆಸರು. ಕೈದಿಗಳನ್ನು ಕಟ್ಟುತ್ತಿದ್ದರು ಅನ್ನುವ ತೂತಿನ ಕಲ್ಲುಗಳು ಗೋಡೆಯಲ್ಲಿ ಹಾಗೇ ಇವೆ. ಮಕ್ಕಳು ಅಲ್ಲಿ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪೊಳ್ಳಿಲೂರಿನಲ್ಲೇ ಸಿಕ್ಕಿಬಿದ್ದು ಈ ಊರಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಡೇವಿಡ್ ಬೇರ್ಡ್. 1799ರ ಮೇ 4ರ ಮಧ್ಯಾಹ್ನ ಕಾವೇರಿ ದಾಟಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಮಳೆ ಇನ್ನೂ ಶುರುವಾಗಿರಲಿಲ್ಲ, ನದಿಯಲ್ಲಿ ನೀರು ಕಡಿಮೆಯಿತ್ತು.

ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಒಂದು ಕಲ್ಲಿದೆ. ಕಾರು ನಿಲ್ಲಿಸಿ, ಸೆಲ್ಫಿ ತೆಗೆದು, ಜನ ಮುಂದೆ ಹೋಗುತ್ತಾರೆ. ಅವರನ್ನು ದೂರಲಾರೆ, ಅಲ್ಲಿ ಏನು ನಡೆಯಿತೆಂದು ಬಿಡಿಸಿ ಹೇಳುವವರು ಬೇಕಲ್ವಾ?

ಅವತ್ತು ಇಂಗ್ಲಿಷರ ಪಡೆ ನುಗ್ಗಿದ, ಕೋಟೆ ಗೋಡೆ ಒಡೆದ ಕಡೆ ಎತ್ತರದ ಸ್ತಂಭವಿದೆ. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ 1907ರಲ್ಲಿ ಅದನ್ನು ನಿಲ್ಲಿಸಿದ್ದು ನಮ್ಮ ಮೈಸೂರು ಸರ್ಕಾರವೇ! ಊರಾಚೆಯ ಗ್ಯಾರಿಸನ್ ಸ್ಮಶಾನದಲ್ಲಿ ಇಂಗ್ಲಿಷರ ಪರವಾಗಿ ಬಂದ ಸ್ವಿಸ್ ಡಿ ಮ್ಯೂರನ್ ದಳದವರ ಗೋರಿಗಳಿವೆ. ಅವಕ್ಕೆ ದುರಸ್ತಿಯೂ ಆಗಿದೆ. ಒಳ್ಳೆಯದೇ, ಸತ್ತವರು ಯಾರಾದರೂ ಸತ್ತವರೇ.

ಆದರೆ ಅವತ್ತು ಕೋಟೆ ಕಾಯುತ್ತಾ ಸತ್ತ ಮೈಸೂರಿನ ಸಾವಿರಾರು ಸೈನಿಕರು? ಅವರ ಹೆಸರಿರುವ ಒಂದು ಕಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಹೆಸರು ಸಿಗದಿದ್ದರೂ ಪರವಾಗಿಲ್ಲ, 'ಇಲ್ಲಿ ಮೈಸೂರಿನವರೂ ಸತ್ತರು' ಎಂದು ಕನ್ನಡದಲ್ಲಿ ಬರೆದ ಒಂದು ಕಲ್ಲನ್ನಾದರೂ ಆ ಸ್ತಂಭದ ಪಕ್ಕ ನಿಲ್ಲಿಸಬೇಕು.