ಕ್ಯಾನ್ಸರ್ ತರುವ ವಿಕಿರಣವೇ ಕ್ಯಾನ್ಸರಿಗೆ ಮದ್ದಾಗುವುದು ಹೇಗೆ?

“ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿದ್ದೇವೆ. ನೀವು ಅದನ್ನೇ ಔಷಧ ಮಾಡಿ ರೋಗಿಯ ರಕ್ತಕ್ಕೆ ಸೇರಿಸುತ್ತೀರಲ್ಲ?” ನಾನು ವಿಕಿರಣಶೀಲ ಔಷಧಗಳನ್ನು ರೂಪಿಸುವ ವಿಜ್ಞಾನಿ ಎಂದು ತಿಳಿದವರೆಲ್ಲ ಇದನ್ನು ಕೇಳುತ್ತಾರೆ. ರೋಗಿಯ ಮನೆಯವರು ಕೇಳುವಾಗ ದನಿಯಲ್ಲಿ ಭಯವಿರುತ್ತದೆ. ಆ ಭಯಕ್ಕೆ ಕಾರಣವೂ ಇದೆ. ಹಾಗಾಗಿ ಉತ್ತರವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ವಿಕಿರಣ ಜೀವಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ. ತುಂಡುಗಳು ತಪ್ಪಾಗಿ ಕೂಡಿಕೊಂಡು ಕೋಶ ಬದುಕುಳಿದರೆ ಮುಂದೆಂದಾದರೂ ಅದು ಕ್ಯಾನ್ಸರ್ ಆಗಬಹುದು. ಕೂಡಿಸಿಕೊಳ್ಳಲಾಗದಷ್ಟು ತುಂಡಾದರೆ ಕೋಶ ಸಾಯುತ್ತದೆ. ನಮಗೆ ಬೇಕಾದದ್ದು ಆ ಸಾವು, ಅದೂ ಗೆಡ್ಡೆಯೊಳಗೆ ಮಾತ್ರ. ನನ್ನ ವೃತ್ತಿಜೀವನದ ಬಹುಪಾಲು ಕಳೆದಿರುವುದು ವಿಕಿರಣವನ್ನು ಅಲ್ಲಿಗೆ ಹೊತ್ತೊಯ್ಯುವ ಅಣುಗಳ ಜೊತೆಗೆ.

ಈ ವಿದ್ಯೆಯ ಮೊದಲ ಗೆಲುವಿಗೆ ಅಂಥ ಅಣು ಬೇಕಾಗಲೇ ಇಲ್ಲ. ಥೈರಾಯ್ಡ್ ಗ್ರಂಥಿ ಅಯೋಡಿನ್ ಅನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. 1941ರಲ್ಲಿ ಬೋಸ್ಟನ್ನಿನ ವೈದ್ಯ ಸಾಲ್ ಹರ್ಟ್ಜ್, ಅತಿಯಾಗಿ ಸ್ರವಿಸುವ ಥೈರಾಯ್ಡಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ಥೈರಾಯ್ಡ್ ಕ್ಯಾನ್ಸರಿಗೂ ಬಂತು, ಇಂದಿಗೂ ಬಳಕೆಯಲ್ಲಿದೆ. ಉಳಿದ ಬಹುತೇಕ ಕ್ಯಾನ್ಸರ್‌ಗಳು ಇಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರನ್ನೇ ನೋಡಿ. ಆ ಕೋಶಗಳ ಹೊರಮೈಯಲ್ಲಿ ಸಾಮಾನ್ಯವಾಗಿ ಪಿಎಸ್‌ಎಂಎ ಎಂಬ ಪ್ರೋಟೀನ್ ದಟ್ಟವಾಗಿರುತ್ತದೆ. ಅದಕ್ಕೆ ಅಂಟುವ ಪುಟ್ಟ ಅಣುವಿಗೆ ಡೋಟಾ ಎಂಬ ಪಂಜರದಂಥ ರಚನೆಯನ್ನು ಜೋಡಿಸಿ, ಅದರೊಳಗೆ ಲ್ಯುಟೇಷಿಯಂ-177 ಎಂಬ ವಿಕಿರಣಶೀಲ ಲೋಹವನ್ನು ಕೂರಿಸುತ್ತಾರೆ. ಲ್ಯುಟೇಷಿಯಂನ ಬೀಟಾ ಕಣಗಳು ಅಂಗಾಂಶದಲ್ಲಿ ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್ ಸಾಗುತ್ತವೆ. ಜೊತೆಗೆ ಹೊಮ್ಮುವ ಗಾಮಾ ಕಿರಣಗಳನ್ನು ಕ್ಯಾಮೆರಾದಲ್ಲಿ ಹಿಡಿದು, ಔಷಧ ಎಲ್ಲೆಲ್ಲಿ ಸೇರಿದೆ ಎಂದು ಕಣ್ಣಾರೆ ನೋಡಬಹುದು. ಸಾಮಾನ್ಯ ಕಿಮೋಥೆರಪಿಗೆ ಈ ಭಾಗ್ಯವಿಲ್ಲ.

ಈ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಾರ್ಮೋನ್ ಚಿಕಿತ್ಸೆ, ಕಿಮೋಥೆರಪಿ ಎರಡನ್ನೂ ದಾಟಿ ಬಂದವರ ಮೇಲೆ ನಡೆದ ಪರೀಕ್ಷೆಯಲ್ಲಿ, ಎಂದಿನ ಆರೈಕೆಯನ್ನಷ್ಟೇ ಪಡೆದವರ ಬದುಕಿನ ಅವಧಿಯ ಮಧ್ಯಾಂಕ (ಅರ್ಧದಷ್ಟು ಮಂದಿ ದಾಟಿದ ಅವಧಿ) 11.3 ತಿಂಗಳು, ಇದನ್ನೂ ಪಡೆದವರದು 15.3 ತಿಂಗಳು. ನಾಲ್ಕೇ ತಿಂಗಳೇ ಎನ್ನುವವರಿದ್ದಾರೆ. ಬೇರೆ ದಾರಿಗಳು ಮುಚ್ಚಿಕೊಂಡ ಮೇಲೆ ಸಿಕ್ಕ ನಾಲ್ಕು ತಿಂಗಳನ್ನು ನಾನು ಅಲ್ಪವೆನ್ನಲಾರೆ.

ಲ್ಯುಟೇಷಿಯಂ ಪಂಜರದಿಂದ ಕಳಚಿಕೊಂಡರೆ ಮೂಳೆಗೆ ಹೋಗಿ ಸೇರುತ್ತದೆ, ಪೆಟ್ಟು ಅಸ್ಥಿಮಜ್ಜೆಗೆ ಬೀಳುತ್ತದೆ. ಆದ್ದರಿಂದ ಸೀಸದ ಗೋಡೆಯ ಹಿಂದೆ ಔಷಧ ಸಿದ್ಧವಾದೊಡನೆ, ಕಳಚಿಕೊಂಡ ಲೋಹ ಎಷ್ಟಿದೆ ಎಂದು ಪ್ರತಿ ಬ್ಯಾಚ್‌ನಲ್ಲೂ ಅಳೆಯಬೇಕು. ಅಳೆಯುತ್ತ ಕೂರುವ ಬಿಡುವೂ ಇಲ್ಲ. ಲ್ಯುಟೇಷಿಯಂನ ಅರ್ಧಾಯುಷ್ಯ 6.65 ದಿನ, ಅಂದರೆ ಅಷ್ಟರಲ್ಲಿ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಕಪಾಟಿನಲ್ಲಿ ಕೂಡಿಡಲಾಗದು, ತಯಾರಾದ ಐದು ದಿನಗಳೊಳಗೆ ರೋಗಿಗೆ ಕೊಡಬೇಕು. ವಿಮಾನ ತಡವಾದರೆ, ಗುಣಮಟ್ಟದ ಪರೀಕ್ಷೆಯಲ್ಲಿ ಒಂದು ಬ್ಯಾಚ್ ಸೋತರೆ, ಅದಕ್ಕಾಗಿ ಆಸ್ಪತ್ರೆಗೆ ಬಂದವರು ಬರಿಗೈಯಲ್ಲಿ ಮರಳುತ್ತಾರೆ. ಈ ಕ್ಷೇತ್ರಕ್ಕೆ ಬರಬಯಸುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ರಸಾಯನಶಾಸ್ತ್ರದಷ್ಟೇ ಗಡಿಯಾರವನ್ನೂ ಕಲಿಯಬೇಕು.

ಇನ್ನು ನೇರ ಉತ್ತರ. ಹೌದು, ಅಪಾಯವಿದೆ. ಜೊಲ್ಲುಗ್ರಂಥಿಗಳೂ ಈ ಔಷಧವನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗುತ್ತದೆ, ರಕ್ತಕಣಗಳು ಇಳಿಯಬಹುದು. ವಿಕಿರಣಶೀಲ ಔಷಧ ಪಡೆದ ಕೆಲವರಲ್ಲಿ ವರ್ಷಗಳ ನಂತರ ಅಸ್ಥಿಮಜ್ಜೆಯ ಗಂಭೀರ ಕಾಯಿಲೆ ಕಾಣಿಸಿಕೊಂಡದ್ದೂ ಉಂಟು. ಇದನ್ನು ರೋಗಿಯಿಂದ ಮುಚ್ಚಿಡಬಾರದು. ಆದರೆ ಮೈಯೆಲ್ಲ ಹರಡಿದ ಕ್ಯಾನ್ಸರ್ ಇಂದಿನ ಅಪಾಯ. ಎರಡನ್ನೂ ತೂಗಿದಾಗ ನನಗೆ ಚಿಕಿತ್ಸೆಯ ಕಡೆಯೇ ಭಾರವಾಗಿ ಕಾಣುತ್ತದೆ.

ಸದ್ಯ ನನ್ನ ನಿದ್ದೆ ಕೆಡಿಸಿರುವುದು ಆಕ್ಟಿನಿಯಂ-225 ಎಂಬ ಇನ್ನೊಂದು ವಿಕಿರಣಶೀಲ ಲೋಹ. ಅದರ ಆಲ್ಫಾ ಕಣಗಳು ಸಾಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇಲ್ಲ, ಆದರೆ ಹೊಡೆತ ಬಹಳ ತೀವ್ರ. ತೊಡಕೆಂದರೆ, ಮೊದಲ ಆಲ್ಫಾ ಚಿಮ್ಮಿದ ರಭಸಕ್ಕೆ ಪಂಜರದ ಹಿಡಿತವೇ ತಪ್ಪುತ್ತದೆ. ಆಗ ಹುಟ್ಟುವ ಪರಮಾಣುಗಳೂ ವಿಕಿರಣಶೀಲವೇ; ಅವುಗಳಲ್ಲಿ ಬಿಸ್ಮತ್-213 ರಕ್ತದಲ್ಲಿ ಅಲೆದು ಮೂತ್ರಪಿಂಡ ಸೇರುತ್ತದೆ. ಔಷಧ ಕ್ಯಾನ್ಸರ್ ಕೋಶದ ಒಳಕ್ಕೇ ಬೇಗ ಇಳಿದರೆ ಅವುಗಳಲ್ಲಿ ಹೆಚ್ಚಿನವು ಅಲ್ಲೇ ಉಳಿಯುತ್ತವೆ. ಹಾಗೆ ಇಳಿಯುವ ಅಣುವಿನ ಹುಡುಕಾಟದಲ್ಲಿದ್ದೇನೆ.