ಕಾಯಿ ಉಬ್ಬಿತೆಂದರೆ ಬೀಜ ಕಟ್ಟಿತೆಂದಲ್ಲ: ಸಿಪ್ರಿಪೀಡಿಯಮ್ ಸಂಕರದ ಈ ವರ್ಷದ ದಾಖಲೆ

ಕೊನೆಗೂ ಕಾಯಿಯೊಳಗೆ ಭ್ರೂಣಗಳು ಕಂಡಿವೆ. ಚೀಲದಂಥ ಹೂಬಿಡುವ ಆರ್ಕಿಡ್ ಆದ ಸಿಪ್ರಿಪೀಡಿಯಮ್‌ನ ಎರಡು ಪ್ರಭೇದಗಳ ಸಂಕರವಿದು: ಹಳದಿ ಪಾರ್ವಿಫ್ಲೋರಮ್ ತಾಯಿಗಿಡ, ಅದರ ಮೇಲೆ ಹಿಂದಿನ ಹಂಗಾಮಿನಲ್ಲಿ ತೆಗೆದಿಟ್ಟ ರೆಜೈನೆಯ ಪರಾಗ. ಈ ಜೋಡಿಯಿಂದ ಈ ಮೊದಲೂ ತುಂಬಿಕೊಂಡ ಹಸಿರು ಕಾಯಿಗಳು ದೊರೆತಿದ್ದವು. ಆದರೆ ಸೀಳಿ ನೋಡಿದಾಗಲೆಲ್ಲ ಒಳಗಿದ್ದುದು ಬರಿಯ ಹೊಟ್ಟು. ಸೂಕ್ಷ್ಮದರ್ಶಕದ ಕೆಳಗೆ ಬಲೆ ಹೆಣೆದಂತಿರುವ ಪಾರದರ್ಶಕ ಸಿಪ್ಪೆಗಳು ಸಾಲುಸಾಲಾಗಿ ಕಾಣುತ್ತಿದ್ದವು, ಒಂದರ ನಡುವೆಯೂ ಏನೂ ಇರುತ್ತಿರಲಿಲ್ಲ. ಈ ಬಾರಿ ಅಂಥವೇ ಸಿಪ್ಪೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ನಡುವೆ, ಎರಡು ತುದಿಗೂ ತಾಗದೆ, ಮೊಟ್ಟೆಯಾಕಾರದ ದಟ್ಟವಾದ ಭ್ರೂಣ ಕುಳಿತಿದೆ. ಅದನ್ನು ಕಂಡ ಸಂತೋಷದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಜೋಡಿಯೇನೂ ಹೊಸದಲ್ಲ. ರೆಜೈನೆ ಮತ್ತು ಪ್ಯೂಬೆಸೆನ್ಸ್‌ (ಪಾರ್ವಿಫ್ಲೋರಮ್‌ನದೇ ಒಂದು ಬಗೆ) ಇವುಗಳ ಸಂಕರವಾದ ‘ಜೆನೆಸಿಸ್’ 1987ರಲ್ಲೇ ನೋಂದಣಿಯಾಗಿದೆ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ನೋಂದಣಿ ಪದ್ಧತಿಯಲ್ಲಿ ತಾಯಿ ತಂದೆ ಅದಲುಬದಲಾದರೂ ಸಂಕರದ ಹೆಸರು ಬದಲಾಗುವುದಿಲ್ಲ. ಹೀಗಿದ್ದೂ ರೆಜೈನೆಯನ್ನು ತಂದೆಯಾಗಿಸಬೇಕೆಂಬ ಹಟಕ್ಕೆ ಕಾರಣವಿದೆ. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್‌ಗಳು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುವುದರಿಂದ, ಎರಡೂ ದಿಕ್ಕಿನ ಸಸಿಗಳನ್ನು ಅಕ್ಕಪಕ್ಕದಲ್ಲಿ ಬೆಳೆಸಿ ಅವುಗಳ ಎಲೆ ಮತ್ತು ಕಸುವನ್ನು ಹೋಲಿಸಿ ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ತೊಡಕೆಂದರೆ ಪಾರ್ವಿಫ್ಲೋರಮ್ ಬಾಡಿದ ಮೇಲೆಯೇ ರೆಜೈನೆಯ ಮೊಗ್ಗು ಬಿರಿಯುತ್ತದೆ. ರೆಜೈನೆ ತಾಯಿಯಾದರೆ ಪರಾಗವನ್ನು ಕೆಲವು ವಾರ ಫ್ರಿಜ್ಜಿನಲ್ಲಿಟ್ಟರೆ ಸಾಕು. ನನ್ನ ದಿಕ್ಕಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕಾಪಾಡಬೇಕು. ತಾಯಿಗಿಡದ ಕುಂಡವನ್ನೇ ತಣ್ಣಗೆ ಇಟ್ಟು ಅದರ ಚಿಗುರನ್ನು ತಡಮಾಡಿಸುವ ದಾರಿಯೂ ಇದೆ, ಆದರೆ ಕಾಯಿ ಹೊರಬೇಕಾದ ಗಿಡದ ಬೆಳವಣಿಗೆಯ ಕಾಲವನ್ನು ಮೊಟಕು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಹೂವಿನ ಚೀಲವನ್ನು ಮುಂದಿನಿಂದ ಕತ್ತರಿಸುವುದು, ಎರಡೂ ಪರಾಗಕೋಶಗಳನ್ನು ಮೊದಲೇ ತೆಗೆಯುವುದು, ಚೀಟಿ ಕಟ್ಟುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವ ಕೆಲಸಗಳೇ. ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಇತರ ಹಲವು ಆರ್ಕಿಡ್‌ಗಳಲ್ಲಿ ಶಲಾಕಾಗ್ರ, ಅಂದರೆ ಪರಾಗವನ್ನು ಹಿಡಿದುಕೊಳ್ಳುವ ಹೂವಿನ ಹೆಣ್ಣುಭಾಗ, ಅಂಟಂಟಾಗಿರುತ್ತದೆ, ಸಿಪ್ರಿಪೀಡಿಯಮ್‌ನದು ಹಾಗಿರುವುದಿಲ್ಲ; ಇಲ್ಲಿ ಅಂಟಿರುವುದು ಪರಾಗದಲ್ಲಿ. ಶಲಾಕಾಗ್ರದ ಉಬ್ಬಿದ ಮೈಮೇಲೆ ಮುಂದಕ್ಕೆ ಬಾಗಿದ ಸಣ್ಣ ಮೊನೆಗಳಿದ್ದು, ಜೇನ್ನೊಣ ಅದರಡಿ ನುಸುಳಿ ಹಿಂದಿನ ಕಿಂಡಿಯತ್ತ ಹೋಗುವಾಗ ಅದರ ಬೆನ್ನಿನ ಪರಾಗವನ್ನು ಅವು ಬ್ರಷ್ಷಿನಂತೆ ಉಜ್ಜಿ ತೆಗೆದುಕೊಳ್ಳುತ್ತವೆ. ಕೀಟವು ಹೊರಗಿನಿಂದಲೇ ಸೊಂಡಿಲು ಚಾಚುತ್ತದೆಂದು ಡಾರ್ವಿನ್ ಮೊದಲು ಭಾವಿಸಿದ್ದರು. ಅದು ಚೀಲದ ಬಾಯಿಂದ ಒಳಹೊಕ್ಕು ಹಿಂದಿನಿಂದ ಹೊರಬರುತ್ತದೆಂದು ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಸೂಚಿಸಿದ ಬಳಿಕ, ಪುಟ್ಟದೊಂದು ಜೇನ್ನೊಣವನ್ನು ಚೀಲದೊಳಗೆ ಬಿಟ್ಟು ಅದನ್ನು ಕಣ್ಣಾರೆ ಕಂಡು ಒಪ್ಪಿಕೊಂಡರು. ನಮ್ಮ ಹಲ್ಲುಕಡ್ಡಿಯೂ ಜೇನ್ನೊಣದ ದಾರಿಯಲ್ಲೇ, ಮುಂದಿನಿಂದ ಹಿಂದಕ್ಕೆ, ಉಜ್ಜುತ್ತಾ ಸಾಗಬೇಕು. ತಾಜಾ ಪರಾಗ ಹೇಗೆ ಬಳಿದರೂ ಅಂಟಿಕೊಳ್ಳುತ್ತದೆ. ಒಣಗಿಸಿಟ್ಟ ಪರಾಗ ಪುಡಿಪುಡಿಯಾಗಿರುವುದರಿಂದ ಅದಕ್ಕೆ ಈ ದಿಕ್ಕು ಬಹಳ ಮುಖ್ಯ.

ಇನ್ನು ನಿಜವಾದ ಸಮಸ್ಯೆಗೆ ಬರುತ್ತೇನೆ. ಪರಾಗಸ್ಪರ್ಶವಾಗಿ ಕೆಲವೇ ದಿನಗಳಲ್ಲಿ ಹೂ ಜೋತುಬಿದ್ದು ಅಂಡಾಶಯ ದಪ್ಪಗಾಗತೊಡಗಿದರೆ ಸಂಕರ ಹಿಡಿಯಿತೆಂದು ನಾವು ಸಂಭ್ರಮಿಸುತ್ತೇವೆ. ಆದರೆ ಆರ್ಕಿಡ್‌ಗಳಲ್ಲಿ ಹೂ ಅರಳಿದಾಗ, ಮುಂದೆ ಬೀಜವಾಗಬೇಕಾದ ಅಂಡಕಗಳು ಇನ್ನೂ ಪೂರ್ತಿ ರೂಪುಗೊಂಡೇ ಇರುವುದಿಲ್ಲ. ಪರಾಗ ತಾಗಿತೆಂಬ ಸುದ್ದಿ ಮುಟ್ಟಿದ ಮೇಲೆ, ಆಕ್ಸಿನ್ ಮತ್ತು ಎಥಿಲೀನ್ ಎಂಬ ಸಸ್ಯ ಹಾರ್ಮೋನುಗಳ ಪ್ರಚೋದನೆಯಿಂದ ಅಂಡಾಶಯ ಬೆಳೆಯತೊಡಗುತ್ತದೆ, ಅಂಡಕಗಳು ಆಗ ತಯಾರಾಗುತ್ತವೆ, ನಿಷೇಚನ ನಡೆಯುವುದು ವಾರಗಳ ಬಳಿಕ. ಫಾರ್ಮೊಸಾನಮ್ ಎಂಬ ಇನ್ನೊಂದು ಪ್ರಭೇದದಲ್ಲಿ ಇದಕ್ಕೆ ಸುಮಾರು 60 ದಿನ ಹಿಡಿಯುತ್ತದೆ. ಅಂದರೆ ನಾವು ನೋಡಿ ಹಿಗ್ಗುವ ಆ ಉಬ್ಬು ಮೊದಲ ಸುದ್ದಿಗೆ ಗಿಡ ಕೊಟ್ಟ ಉತ್ತರವಷ್ಟೇ. ಪರಾಗನಾಳ ಕೊನೆಯವರೆಗೂ ಬೆಳೆದು ಅಂಡಕವನ್ನು ತಲುಪಿತೇ ಎಂಬುದನ್ನು ಕಾಯಿಯ ಗಾತ್ರ ಹೇಳುವುದಿಲ್ಲ. ಅರೆಜೀವದ ಪರಾಗವೂ ಕಾಯಿಯನ್ನು ಉಬ್ಬಿಸಬಲ್ಲದು.

ಎರಡು ಪ್ರಭೇದಗಳು ಪರಸ್ಪರ ಹೊಂದುವುದಿಲ್ಲವೇನೋ ಎಂಬ ಸಂಶಯಕ್ಕೆ ಜೆನೆಸಿಸ್ ಇರುವುದೇ ಉತ್ತರ. ಇನ್ನು ಉಳಿದದ್ದು ಪರಾಗದ ಸ್ಥಿತಿ. ಶೇಕಡ 10ರ ಸಕ್ಕರೆ ದ್ರಾವಣಕ್ಕೆ ಚೂರು ಬೋರಿಕ್ ಆಮ್ಲ ಬೆರೆಸಿ, ಗಾಜಿನ ಪಟ್ಟಿಯ ಮೇಲೆ ತಾಜಾ ಪರಾಗವನ್ನೂ ಫ್ರೀಜರಿನಲ್ಲಿ ಕಾಪಾಡಿದ್ದನ್ನೂ ಹರಡಿ ನೋಡಿದೆ. ತಾಜಾ ಪರಾಗದ ಕಣಗಳಿಂದ ನಾಳಗಳು ಚೆನ್ನಾಗಿ ಹೊರಟವು. ಫ್ರೀಜರಿನದ್ದರಲ್ಲಿ ಅಲ್ಲೊಂದು ಇಲ್ಲೊಂದು ಕುಂಟುತ್ತಾ ಹೊರಟು ಅರ್ಧದಲ್ಲೇ ನಿಂತಿತು. ಕಾರಣಗಳು ಎರಡು. ಮೊದಲನೆಯದು ಪರಾಗವನ್ನು ಒಣಗಿಸಲು ಬಳಸುವ ಸಿಲಿಕಾ ಜೆಲ್. ಮೊಹರು ಮಾಡಿದ ಡಬ್ಬಿ ಎಂದು ಮಾರಾಟಗಾರರು ಕಳಿಸಿದ್ದ ಹರಳುಗಳು ಬರುವಾಗಲೇ ತೇವ ಹೀರಿ ಬಣ್ಣ ತಿರುಗಿದ್ದವು. ದೂರು ಕೊಟ್ಟದ್ದಕ್ಕೆ ಬಂದ ಬದಲಿ ಡಬ್ಬಿಯೂ ಹಾಗೆಯೇ ಇತ್ತು. ಈಗ ಯಾರ ಮಾತನ್ನೂ ನಂಬದೆ, ಒಲೆಯಲ್ಲಿ ಬಿಸಿಮಾಡಿ ಬಣ್ಣ ಮರಳಿದ ಹರಳುಗಳನ್ನು ಮಾತ್ರ ಬಳಸುತ್ತೇನೆ. ಸಿಪ್ರಿಪೀಡಿಯಮ್ ಪರಾಗದ ಅಂಟು ತೇವವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ, ಅದನ್ನು ಬೆಣ್ಣೆಕಾಗದದ ಮೇಲೆ ತೆಳ್ಳಗೆ ಹರಡಿಯೇ ಒಣಗಿಸಬೇಕು. ಉಂಡೆಯಾಗಿಟ್ಟರೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು, ಫ್ರೀಜರಿನಲ್ಲಿ ಆ ನೀರು ಹೆಪ್ಪುಗಟ್ಟಿ ಕಣಗಳನ್ನು ಕೊಲ್ಲುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಚೆನ್ನಾಗಿ ಒಣಗಿದ ಪರಾಗದ ಕೋಶಪೊರೆ ಬಿಗಿದುಕೊಂಡಿರುತ್ತದೆ. ಅದಕ್ಕೆ ಒಮ್ಮೆಗೇ ನೀರು ತಾಗಿದರೆ ಪೊರೆ ಸರಿಯಾಗಿ ಸಡಿಲಗೊಳ್ಳುವ ಮೊದಲೇ ಒಳಗಿನದೆಲ್ಲ ಸೋರಿಹೋಗುತ್ತದೆ. ಪರಿಹಾರ ಬಹಳ ಸರಳ: ಪರಾಗವನ್ನು ಫ್ರೀಜರಿನಿಂದ ತೆಗೆದು, ಮುಚ್ಚಿದಂತೆಯೇ ಕೋಣೆಯ ಬಿಸಿಗೆ ಬರಲು ಬಿಟ್ಟು, ಆಮೇಲೆ ಒದ್ದೆ ಹತ್ತಿಯಿರುವ ಮುಚ್ಚಿದ ಡಬ್ಬಿಯಲ್ಲಿ, ಹತ್ತಿಗೆ ತಾಗದಂತೆ, ಒಂದೆರಡು ಗಂಟೆ ಇಡುವುದು. ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಂಡ ಪರಾಗ ಮತ್ತೆ ಸ್ವಲ್ಪ ಅಂಟಾಗುತ್ತದೆ. ಹೀಗೆ ಮಾಡಿದ ಪರಾಗ ಗಾಜಿನ ಪಟ್ಟಿಯ ಮೇಲೆ ತಾಜಾ ಪರಾಗಕ್ಕೆ ಸರಿಸಮನಾಗಿ ಅಲ್ಲದಿದ್ದರೂ ನೆಚ್ಚಬಹುದಾದಷ್ಟು ನಾಳಗಳನ್ನು ಬಿಟ್ಟಿತು. ಈ ವರ್ಷದ ಕಾಯಿಗಳು ಅದರವೇ.

ಒಂದು ಕಾಯಿಯನ್ನು ಹಸಿರಿರುವಾಗಲೇ ಬಿತ್ತಿದ್ದೇನೆ. ಪೂರ್ತಿ ಬಲಿತರೆ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡದಷ್ಟು ಗಡುಸಾಗುತ್ತದೆ, ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನೂ ಸೇರಿ ಮೊಳಕೆಯನ್ನು ತಡೆಯುತ್ತದೆ. ಆಮೇಲೆ ಬ್ಲೀಚಿನೊಡನೆ ಗಂಟೆಗಟ್ಟಲೆ ಹೆಣಗಬೇಕು. ಫ್ಲಾಸ್ಕಿನಲ್ಲಿ ಬೀಜ ಮೊಳೆಯಿಸುವ ಪೋಷಕ ಮಾಧ್ಯಮಕ್ಕೆ ಸ್ವೀಡನ್ನಿನ ಆರ್ಕಿಡ್ ಬೆಳೆಗಾರ ಸ್ವಾಂಟೆ ಮಾಲ್ಮ್‌ಗ್ರೆನ್ ಅವರ ದಾರಿಯನ್ನೇ ಹಿಡಿದಿದ್ದೇನೆ: ನೈಟ್ರೇಟಿನ ಬದಲು ಅಮೈನೋ ಆಮ್ಲ, ಜೊತೆಗೆ ಅನಾನಸ್ ರಸ.

ಈ ನಡುವೆ ಮುಂದಿನ ಯೋಜನೆ ತಲೆಯಲ್ಲಿ ಓಡುತ್ತಿದೆ. ವರ್ಷವಿಡೀ ಪರಾಗವನ್ನು ಉಳಿಸಿಕೊಳ್ಳಬಹುದೆಂದ ಮೇಲೆ ಹೂಬಿಡುವ ಕಾಲದ ಗೋಡೆ ಬಿದ್ದಂತೆಯೇ. ಬೀಸಣಿಗೆಯಂಥ ಎರಡೆಲೆಗಳ ಫಾರ್ಮೊಸಾನಮ್ ಎಲ್ಲಕ್ಕಿಂತ ಮೊದಲು ಅರಳುತ್ತದೆ. ಅದರ ಮೇಲೆ ಬಿಳಿ ರೆಜೈನೆಯ ಪರಾಗವನ್ನು ಪ್ರಯತ್ನಿಸಬೇಕು. ಸಂಬಂಧ ದೂರದ್ದಾದ್ದರಿಂದ ಹೊಟ್ಟೇ ಸಿಗಬಹುದು, ಆದರೆ ಆಗ ಪರಾಗವನ್ನು ದೂರುವಂತಿರುವುದಿಲ್ಲ. ಮ್ಯಾಕ್ರಾಂಥಸ್ ಎಂಬ ಪ್ರಭೇದದ ಮೇಲೂ ರೆಜೈನೆಯ ಪರಾಗ ಹಾಕಬೇಕೆಂದಿದ್ದೆ. ಆದರೆ ಶುದ್ಧ ಮ್ಯಾಕ್ರಾಂಥಸ್ ಎಂದು ದುಬಾರಿ ಬೆಲೆಗೆ ಬಂದ ಗಿಡ ಹೂಬಿಟ್ಟಾಗ ಅದರ ಪಕ್ಕದ ದಳಗಳು ಉದ್ದವಾಗಿ ತಿರುಚಿಕೊಂಡಿದ್ದವು. ಅದು ಮ್ಯಾಕ್ರಾಂಥಸ್‌ಗೆ ಕ್ಯಾಲ್ಸಿಯೋಲಸ್ ಪ್ರಭೇದದ ರಕ್ತ ಬೆರೆತ ಸಂಕರ, ವೆಂಟ್ರಿಕೋಸಮ್. ಚಂದದ ಗಿಡವೇ, ಆದರೆ ಚೀಟಿಯಲ್ಲಿ ಸುಳ್ಳು ಬರೆದರೆ ನಮ್ಮ ಮುಂದಿನ ತಲೆಮಾರುಗಳ ದಾಖಲೆಯೆಲ್ಲ ಕೆಡುತ್ತದೆಂಬುದು ಮಾರುವವರಿಗೆ ಯಾಕೆ ಹೊಳೆಯುವುದಿಲ್ಲವೋ.

ಎರಡನೆಯ ಕಾಯಿಯನ್ನು ಇನ್ನೊಂದೆರಡು ವಾರ ಗಿಡದಲ್ಲೇ ಬಿಟ್ಟು ಬಿತ್ತುತ್ತೇನೆ. ಎರಡೂ ಬಿತ್ತನೆಗಳ ಫ್ಲಾಸ್ಕುಗಳನ್ನು ಕತ್ತಲಿನಲ್ಲಿ ಒಂದೇ ತಟ್ಟೆಯಲ್ಲಿಟ್ಟು, ಯಾವುದರಲ್ಲಿ ಪ್ರೋಟೋಕಾರ್ಮ್ (ಮೊಳೆತ ಬೀಜದ ಮೊದಲ ಪುಟ್ಟ ಗಡ್ಡೆ) ಮೊದಲು ಮೂಡುತ್ತದೆಂದು ನೋಡಿ ಈ ಸಂಕರಕ್ಕೆ ಕೊಯ್ಲಿನ ದಿನ ಗೊತ್ತುಮಾಡಬೇಕು.